ಪುಣೆಯಲ್ಲಿ ಹೋಟೆಲ್ ಕೆಲಸ, 14,000 ಸಂಬಳ: ಯಾವ ವಿಮೆ?

ಕಲಬುರಗಿಯಿಂದ ಬಂದು ಪುಣೆಯಲ್ಲಿ ದುಡಿಯೋ ನೀವು ಕೇಳಿದ್ದು: ಮಹಾರಾಷ್ಟ್ರ ಸರ್ಕಾರದ ಆರೋಗ್ಯ ವಿಮೆಯಾದ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಹೆಸರು ಸಿಗ್ತಿಲ್ಲ, ವಿಮೆ ಏಜೆಂಟ್ 12,000 ಪ್ರೀಮಿಯಂ ಕಟ್ಟಿ ಅಂತಿದ್ದಾರೆ, ಏನು ಮಾಡಲಿ ಅಂತ. ಹೆಸರು ಸಿಗದಿರೋದಕ್ಕೆ ಕಾರಣ ಬಹುಶಃ ಕಲಬುರಗಿಯ ರೇಷನ್ ಕಾರ್ಡು. ಅದಕ್ಕೆ ಸಾಮಾನ್ಯವಾಗಿ ಮಹಾರಾಷ್ಟ್ರದ್ದೇ ಕಾರ್ಡ್ ಬೇಕು. ಆದ್ರೆ ಏಜೆಂಟ್ ಹೇಳಿದ 12,000 ಈಗಲೇ ಕಟ್ಟಬೇಡಿ, ಮೊದಲು ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಕಡಿತ ಇದೆಯಾ ನೋಡಿ. ಹೋಟೆಲಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದು ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಮಾಡಿಸೋದು ಮಾಲೀಕರ ಹೊಣೆ. ನಿಮ್ಮ ಪಾಲು ಶೇ. 0.75, ಅಂದ್ರೆ ತಿಂಗಳಿಗೆ 105 ರೂಪಾಯಿ, ಅವರದ್ದು ಶೇ. 3.25. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತೆ, ದಿನದ ಬಿಪಿ ಮಾತ್ರೆ ಕೂಡ. ದುಡ್ಡು ಕಡಿತ ಆಗ್ತಿದ್ದರೆ ಇಎಸ್‌ಐ ನಂಬರ್ ಕೇಳಿ ತಗೊಳ್ಳಿ. ಮಾಲೀಕರು ‘ನೋಡೋಣ’ ಅಂದ್ರೆ ಬಿಡಬೇಡಿ, ಇಎಸ್‌ಐ ಕಚೇರಿಗೆ ಬರೆದು ಕೊಡಿ.

ಹೋಟೆಲ್ ಚಿಕ್ಕದು, ಹತ್ತು ಜನ ಇಲ್ವಾ? ಹಾಗಾದ್ರೆ ಊರಿನ ಆಯುಷ್ಮಾನ್ ಕಾರ್ಡ್ ಹಿಡ್ಕೊಂಡು ಪುಣೆಯ ಸರ್ಕಾರಿ ಸಸೂನ್ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ (ಯೋಜನೆಯ ಸಹಾಯಕರ) ಹತ್ರ ಅದು ಇಲ್ಲಿ ನಡೆಯುತ್ತಾ ಕೇಳಿ. ಆ ಕಾರ್ಡ್ ನಡೆಯೋದು ಅಡ್ಮಿಟ್ ಆದಾಗ ಮಾತ್ರ.