ಮಾರುವ ಮುನ್ನ ಮನೆಯ ಯಾವ ಕೆಲಸಕ್ಕೆ ಹಣ ಹಾಕಬೇಕು?

ಪ್ರಶ್ನೆ: ಹದಿನೈದು ವರ್ಷಗಳಿಂದ ವಾಸವಾಗಿರುವ ಮನೆಯನ್ನು ಮಾರಲು ನಿರ್ಧರಿಸಿದ್ದೇವೆ. ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಕೆಲವರು ಹೇಳಿದರೆ, ಇದ್ದ ಹಾಗೆಯೇ ಮಾರಿಬಿಡಿ ಎನ್ನುವವರೂ ಇದ್ದಾರೆ. ಮಲಗುವ ಕೋಣೆಯ ಒಂದು ಗೋಡೆಯಲ್ಲಿ ಬಿಳಿಯ ಪುಡಿ ಎದ್ದು ಬಣ್ಣ ಉದುರುತ್ತಿದೆ. ಯಾವುದನ್ನು ಮೊದಲು ಮಾಡಿಸಬೇಕು?

ಉತ್ತರ: ಮೊದಲು ಆ ಗೋಡೆಯನ್ನು ಸರಿಪಡಿಸಿ, ಅಡುಗೆಮನೆಯನ್ನು ಮುಟ್ಟದೆ ಇದ್ದರೂ ನಡೆಯುತ್ತದೆ. ಅಡುಗೆಮನೆ ಹಳೆಯದಾಗಿದ್ದರೆ ಕೊಳ್ಳುವವರು ಅದನ್ನು ತಮ್ಮ ಅಭಿರುಚಿಗೆ ತಕ್ಕಂತೆ ಬದಲಿಸಲು ಎಷ್ಟಾದೀತು ಎಂದು ಅಂದಾಜು ಮಾಡಿಕೊಳ್ಳುತ್ತಾರೆ. ಗೋಡೆಯಲ್ಲಿ ತೇವ ಕಂಡರೆ ಹಾಗೆ ಅಂದಾಜು ಮಾಡಲು ಬರುವುದಿಲ್ಲವಾದ್ದರಿಂದ, ಕಣ್ಣಿಗೆ ಕಾಣದ ಕಡೆ ಇನ್ನೇನಿದೆಯೋ ಎಂದು ಇಡೀ ಮನೆಯನ್ನೇ ಸಂಶಯದಿಂದ ನೋಡತೊಡಗುತ್ತಾರೆ.

ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣ ನೀರಿನಲ್ಲಿ ಕರಗಿ ಗೋಡೆಯ ಮೇಲ್ಮೈಗೆ ಬಂದು, ನೀರು ಆರಿದ ಬಳಿಕ ಅಲ್ಲಿಯೇ ಉಳಿದದ್ದೇ ನೀವು ಹೇಳಿದ ಬಿಳಿಯ ಪುಡಿ. ನೀರಿನ ಮೂಲವನ್ನು ನಿಲ್ಲಿಸದೆ ಪುಟ್ಟಿ ಹಚ್ಚಿ ಬಣ್ಣ ಬಳಿಸಿದರೆ ಅದು ಮತ್ತೆ ಗುಳ್ಳೆ ಏಳುತ್ತದೆ. ಹೊಸ ಬಣ್ಣದ ನಡುವೆ ಎದ್ದ ಗುಳ್ಳೆ ಹಳೆಯ ಕಲೆಗಿಂತ ಕೆಟ್ಟ ಅಭಿಪ್ರಾಯ ಮೂಡಿಸುತ್ತದೆ. ಕಲೆ ನೆಲದಿಂದ ಸುಮಾರು 1 ಮೀಟರ್ ಎತ್ತರದವರೆಗೆ ಮಾತ್ರ ಹಬ್ಬಿದ್ದರೆ ಅಡಿಪಾಯದಿಂದ ತೇವ ಏರುತ್ತಿರುವ ಸಾಧ್ಯತೆ ಇದೆ. ಮೇಲಿನಿಂದ ಇಳಿದಿದ್ದರೆ ಚಾವಣಿಯನ್ನೂ, ಗೋಡೆಯ ಆಚೆಗೆ ಸ್ನಾನದ ಮನೆ ಇದ್ದರೆ ಕೊಳವೆ ಮತ್ತು ಟೈಲ್ಸ್ ಸಂದುಗಳನ್ನೂ ಪರೀಕ್ಷಿಸಬೇಕು. ನೀರಿನ ಮೀಟರ್ ಇದ್ದು, ತೊಟ್ಟಿ ತುಂಬುತ್ತಿಲ್ಲದ ಹೊತ್ತಿನಲ್ಲಿ ಎಲ್ಲ ನಲ್ಲಿಗಳನ್ನು ಮುಚ್ಚಿ ಒಂದೆರಡು ಗಂಟೆ ಬಿಟ್ಟು ನೋಡಿದಾಗ ಅಂಕಿ ಮುಂದೆ ಸರಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸರಿಯದಿದ್ದರೂ ಬಳಸಿದ ನೀರು ಹೊರಹೋಗುವ ಕೊಳವೆಯನ್ನು ನೋಡದೆ ನಿಶ್ಚಿಂತರಾಗಬೇಡಿ. ದುರಸ್ತಿಯ ನಂತರ ಪುಡಿಯನ್ನು ನೀರು ಹಾಕಿ ತೊಳೆಯದೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತೊಳೆದರೆ ಲವಣ ಮತ್ತೆ ಗೋಡೆಯೊಳಕ್ಕೆ ಇಳಿಯುತ್ತದೆ. ಗೋಡೆ ಪೂರ್ತಿ ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುವುದರಿಂದ ಈ ಕೆಲಸವನ್ನು ಇಂದೇ ಆರಂಭಿಸುವುದು ಒಳ್ಳೆಯದು. ಕೆಲಸದ ಬಿಲ್ಲು ಮತ್ತು ಹಳೆಯ ಕಲೆಯ ಫೋಟೋಗಳನ್ನು ಇಟ್ಟುಕೊಂಡು, ಕೊಳ್ಳುವವರು ಕೇಳುವ ಮೊದಲೇ ತೋರಿಸಿ.

ಉಳಿದವು ಸಣ್ಣ ಕೆಲಸಗಳು: ತೊಟ್ಟಿಕ್ಕುವ ನಲ್ಲಿ, ಕೆಟ್ಟ ಸ್ವಿಚ್ಚು, ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲು. ನಲ್ಲಿಯ ಮೇಲೆ ಕಟ್ಟಿದ ಗಡಸು ನೀರಿನ ಬಿಳಿ ಪದರ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿದರೆ ಬಿಡುತ್ತದೆ. ಅಮೃತಶಿಲೆಗೆ ಮಾತ್ರ ಅದನ್ನು ತಾಗಿಸಬೇಡಿ, ಹೊಳಪು ಹೋಗುತ್ತದೆ. ಮನೆಯ ವಾಸನೆ ಮನೆಯವರ ಮೂಗಿಗೆ ತಿಳಿಯದ ಕಾರಣ, ದಾಕ್ಷಿಣ್ಯವಿಲ್ಲದೆ ಹೇಳಬಲ್ಲ ಹೊರಗಿನವರೊಬ್ಬರನ್ನು ಕರೆದು ಕೇಳಿ.

ಪ್ರಶ್ನೆ: ಸಾಮಾನುಗಳನ್ನೆಲ್ಲ ಖಾಲಿ ಮಾಡಿದ ಮೇಲೆಯೇ ಮನೆ ತೋರಿಸಬೇಕೇ?

ಉತ್ತರ: ಬೇಕಿಲ್ಲ. ಖಾಲಿ ಕೋಣೆಯಲ್ಲಿ ಮಂಚ, ಮೇಜು ಎಲ್ಲಿ ಹಿಡಿಸುತ್ತವೆ ಎಂದು ಊಹಿಸುವುದು ಅನೇಕರಿಗೆ ಕಷ್ಟ. ಗೋಡೆಯ ಮೊಳೆಗುರುತುಗಳೂ ಎದ್ದು ಕಾಣುತ್ತವೆ. ಬಳಸದ ವಸ್ತುಗಳನ್ನು ಮಾತ್ರ ಹೊರಗೆ ಸಾಗಿಸಿ. ಆದರೆ ಅವನ್ನೆಲ್ಲ ಒಂದೇ ಕೋಣೆಗೆ ತುರುಕಿ ಬಾಗಿಲು ಹಾಕಬೇಡಿ, ಏಕೆಂದರೆ ಬಂದವರು ಬೀರು, ಅಟ್ಟ ಎಲ್ಲವನ್ನೂ ತೆರೆಸಿ ನೋಡುತ್ತಾರೆ. ಕಿಕ್ಕಿರಿದಿದ್ದರೆ ಈ ಮನೆಯಲ್ಲಿ ಸಾಮಾನಿಡಲು ಜಾಗ ಸಾಲದು ಎಂದುಕೊಳ್ಳುತ್ತಾರೆ. ಅಪರಿಚಿತರು ಓಡಾಡುವುದರಿಂದ ಒಡವೆ ಮತ್ತು ಕಾಗದಪತ್ರಗಳನ್ನು ಬೇರೆಡೆ ಭದ್ರಪಡಿಸಿ.