ಹಳೆ ಜಾಲರಿ ಡಿಶ್ಶಿಗೆ ಮೋಡದ ಫೋಟೋ ಬರ್ತದಾ?

ಪ್ರಶ್ನೆ: ಸಂಪಾದಕರೇ, ನಮ್ಮಲ್ಲಿ ಜೂನ್ ಬಂತೂಂದ್ರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಆಳು ಸಿಕ್ಕಿದ ದಿನವೇ ಮೊಬೈಲಲ್ಲಿ ಮೋಡದ ಫೋಟೋ ಓಪನ್ ಆಗುದಿಲ್ಲ. ನೆಟ್ ಇಲ್ಲದೆ ಸೀದಾ ಡಿಶ್ಶಿಗೇ ಉಪಗ್ರಹದ ಮಾಹಿತಿ ಬರುವ ಜಿಯೋನೆಟ್‌ಕಾಸ್ಟ್ ಅಂತ ಉಂಟಂತೆ, ಮಗ ಹೇಳಿದ. ದೂರದರ್ಶನದ ಕಾಲದ ದೊಡ್ಡ ಜಾಲರಿ ಡಿಶ್ ಅಂಗಳದ ಬದಿಯಲ್ಲಿ ಹಾಗೇ ಉಂಟು, ಅದು ಆಗ್ತದಾ?
– ಅಡಿಕೆ ಕೃಷಿಕ, ಪೆರ್ಲ

ಉತ್ತರ: ಉಂಟು, ಮಗ ಹೇಳಿದ್ದು ಸರಿ, ಆದ್ರೆ ಪೆರ್ಲಕ್ಕೆ ಅದನ್ನು ಇಳಿಸುದು ಕಷ್ಟ ಮಾರಾಯ್ರೇ. ಹವಾಮಾನ ಉಪಗ್ರಹದ ಚಿತ್ರವನ್ನು ನೆಲದ ಕೇಂದ್ರದಲ್ಲಿ ಫೈಲ್ ಮಾಡಿ, ಟಿವಿ ಚಾನೆಲ್ ಕಳಿಸುವಂಥದ್ದೇ ಬೇರೊಂದು ಉಪಗ್ರಹಕ್ಕೆ ಹತ್ತಿಸ್ತಾರೆ, ಅದು ಕೆಳಗಿರುವವರಿಗೆಲ್ಲ ಒಟ್ಟಿಗೆ ಸುರೀತದೆ, ಡಿಶ್ಶು ರಿಸೀವರು ಕಂಪ್ಯೂಟರು ಇದ್ದವರ ಫೋಲ್ಡರಿಗೆ ಫೈಲ್ ತಾನಾಗಿ ಬಂದು ಬೀಳ್ತದೆ. ಹತ್ತು ಜನ ಹಿಡಿದ್ರೂ ಸಾವಿರ ಜನ ಹಿಡಿದ್ರೂ ಕಳಿಸುವವರ ಖರ್ಚು ಅಷ್ಟೇ. ನೆಟ್ ಸರಿ ಇಲ್ಲದ ಆಫ್ರಿಕಾದ ಹವಾಮಾನ ಕಚೇರಿಗಳಿಗೆ ಇದು ದೊಡ್ಡ ಉಪಕಾರ. ಒಂದೇ ತೊಂದರೆ, ಫೈಲಿನ ಒಂದು ತುಂಡು ತಪ್ಪಿಹೋದ್ರೆ ಇನ್ನೊಮ್ಮೆ ಕಳಿಸಿ ಅಂತ ಕೇಳ್ಲಿಕ್ಕೆ ವಾಪಸ್ ದಾರಿ ಇಲ್ಲ, ಹಾಗಾಗಿ ತಪ್ಪಿದ್ದನ್ನು ಲೆಕ್ಕಹಾಕಿ ತುಂಬಿಸಿಕೊಳ್ಳುವಷ್ಟು ಎಕ್ಸ್‌ಟ್ರಾ ಮಾಹಿತಿ ಮೊದಲೇ ಸೇರಿಸಿರ್ತಾರೆ.

ನಿಮ್ಮ ಡಿಶ್ ಸಿ ಬ್ಯಾಂಡಿನದ್ದು, ಅಂದ್ರೆ ಮಳೆಗೆ ಅಷ್ಟು ಜಗ್ಗದ ರೇಡಿಯೋ ಅಲೆ ಹಿಡಿಯುವಂಥದ್ದು, ಅದನ್ನು ಗುಜರಿಗೆ ಹಾಕ್ಬೇಡಿ. ಮನೆ ಟಿವಿಯ ಚಿಕ್ಕ ಡಿಶ್ಶಿನದ್ದು ಕೆಯು ಬ್ಯಾಂಡು ಅನ್ನುವ, ಮಳೆಗೆ ಬೇಗ ಸೋಲುವ ಅಲೆ, ಜೋರು ಮಳೆಗೆ ಸಿಗ್ನಲ್ ಹೋಗುದು ಅದಕ್ಕೇ. ಆಫ್ರಿಕಾಕ್ಕೆ ಸಿ ಬ್ಯಾಂಡಿನಲ್ಲಿ ಕಳಿಸುದೂ ಈ ಮಳೆ ಕಾಟ ಕಮ್ಮಿ ಅಂತಲೇ. ಆದ್ರೆ ಜಿಯೋನೆಟ್‌ಕಾಸ್ಟನ್ನು ಒಬ್ಬೊಬ್ಬರು ಒಂದೊಂದು ಕಡೆಗೆ ಕಳಿಸುದು: ಯುರೋಪಿನವರ ಯೂಮೆಟ್‌ಕಾಸ್ಟ್ ಯುರೋಪ್, ಆಫ್ರಿಕಾ ಕಡೆಗೆ, ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ನೋವಾದ್ದು ಅಮೆರಿಕ ಖಂಡಗಳಿಗೆ. ಏಷ್ಯಾಕ್ಕಿರುದು ಚೀನಾದ ಸಿಎಂಎಕಾಸ್ಟ್, ಅದು ಹವಾಮಾನ ಕಚೇರಿಗಳ ಲೆವೆಲ್ಲಿನ ವ್ಯವಹಾರ, ಮದ್ದು ಬಿಡ್ಲಿಕ್ಕೆ ಅಷ್ಟೆಲ್ಲ ಬೇಡ. ಮತ್ತೆ ಕರೆಂಟ್ ಹೋದ್ರೆ ರಿಸೀವರೂ ಬಂದ್ ಅಲ್ವಾ!

2016ರಲ್ಲಿ ಹಾರಿಸಿದ ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮ್ಮ ಕಾಸರಗೋಡು ಇರುದು 75ರಲ್ಲಿ, ಹೆಚ್ಚುಕಮ್ಮಿ ನಮ್ಮ ನೇರಕ್ಕೇ. ಇನ್ಸಾಟ್ ಚಿತ್ರಗಳು ಹವಾಮಾನ ಇಲಾಖೆಯ ಸೈಟಲ್ಲಿ ಫ್ರೀ. ಆದ್ರೆ ಇನ್‌ಫ್ರಾರೆಡ್, ಅಂದ್ರೆ ಬಿಸಿ-ತಣ್ಣಗೆ ತೋರಿಸುವ ಚಿತ್ರದಲ್ಲಿ ಅಚ್ಚ ಬಿಳಿ ಕಾಣುದು ತುಂಬ ಎತ್ತರದ, ತಣ್ಣಗಿನ ಮೋಡದ ತಲೆ, ಅಲ್ಲಿ ಮಳೆ ಇರ್ಲೇಬೇಕೂಂತ ಇಲ್ಲ. ಘಟ್ಟದ ಬದಿಯ ಗಿಡ್ಡ ಮೋಡ ಚಿತ್ರದಲ್ಲಿ ಬರೀ ಬೂದು, ಸುರಿಯುದು ಮಾತ್ರ ಧಾರಾಳ. ಹಾಗಾಗಿ ಮೈಲುತುತ್ತು ಕಲಸುವ ಮೊದಲು ತಿರುವನಂತಪುರ ಹವಾಮಾನ ಕೇಂದ್ರದವರ ಮೂರು ಗಂಟೆಯ ಜಿಲ್ಲಾವಾರು ಮುನ್ಸೂಚನೆ ನೋಡಿ, ಬರೀ ಅಕ್ಷರ ಆದ್ದರಿಂದ ಯಾರಾದ್ರೂ ಎಸ್ಸೆಮ್ಮೆಸ್ ಮಾಡಿದ್ರೂ ಸಾಕು.

ಪ್ರಶ್ನೆ: ಬೇರೆ ದೇಶದ ಉಪಗ್ರಹಗಳೂ ನಮ್ಮ ಕಡೆ ನೋಡ್ತವಾ? ಅದೆಲ್ಲ ಫ್ರೀಯಾ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ನೋಡ್ತವೆ. ಯುರೋಪಿನವರ ಮೆಟಿಯೋಸ್ಯಾಟ್-9ನ್ನು 2022ರಲ್ಲಿ 45.5 ಡಿಗ್ರಿ ಪೂರ್ವಕ್ಕೆ ತಂದು ಹಿಂದೂ ಮಹಾಸಾಗರದ ಕಾವಲಿಗೇ ಇಟ್ಟಿದ್ದಾರೆ. ಎಲ್ಲವೂ ಫ್ರೀ ಅಲ್ಲ, ಕೆಲವು ಡೇಟಾಕ್ಕೆ ಲೈಸೆನ್ಸ್ ಬೇಕು, ಯೂಮೆಟ್‌ಕಾಸ್ಟಿನಲ್ಲಿ ಅಂಥದ್ದನ್ನು ಲಾಕ್ ಮಾಡಿಯೇ ಕಳಿಸುದು, ಬಿಡಿಸ್ಲಿಕ್ಕೆ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಕೀ ಚುಚ್ಚಬೇಕು.