ಖುಷಿ ಇಲ್ಲದಾಗ ನಕ್ಕರೂ ದೇಹಕ್ಕೆ ಒಳ್ಳೆಯದೇ?

ಪ್ರಶ್ನೆ: ಮನಸ್ಸು ಸರಿ ಇಲ್ಲದಿದ್ದರೂ ಸುಮ್ನೆ ಮುಗುಳ್ನಕ್ಕರೆ ಆರೋಗ್ಯಕ್ಕೆ ಒಳ್ಳೆಯದು ಅಂತಾರಲ್ಲ, ನಿಜವೇ?

ಉತ್ತರ: ಸ್ವಲ್ಪ ಮಟ್ಟಿಗೆ ನಿಜ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ನನಗೆ ತುಂಬಾ ಇಷ್ಟವಾದದ್ದು ಇದು. 169 ಜನರಿಗೆ ಹಲ್ಲಲ್ಲಿ ಚಾಪ್‌ಸ್ಟಿಕ್ ಕಚ್ಚಿ ಹಿಡಿಯಲು ಹೇಳಿದರು. ಕೆಲವರ ಮುಖ ನಗುವಂತೆ, ಉಳಿದವರದ್ದು ಸಪ್ಪಗಿರುವಂತೆ ಹಿಡಿಸಿದರು. ನಂತರ ಐಸ್ ನೀರಲ್ಲಿ ಕೈ ಅದ್ದಿಡುವಂಥ ಕಷ್ಟದ ಕೆಲಸ ಕೊಟ್ಟರು. ಅದು ಮುಗಿದು ಸುಧಾರಿಸಿಕೊಳ್ಳುವಾಗ ನೋಡಿದರೆ, ನಗುಮುಖದವರ ಎದೆಬಡಿತ ಉಳಿದವರಿಗಿಂತ ಕಡಿಮೆ ಇತ್ತು. ಅವರಲ್ಲಿ ಕೆಲವರಿಗೆ 'ನಗಿ' ಅಂತ ಯಾರೂ ಹೇಳಿರಲೇ ಇಲ್ಲ. ಎಷ್ಟು ಸೋಜಿಗ ಅಲ್ವಾ?

ಖುಷಿಯ ವಿಷಯಕ್ಕೆ ಬಂದರೆ, 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 19 ದೇಶಗಳ ಸುಮಾರು 3,900 ಜನರನ್ನು ಪರೀಕ್ಷಿಸಿದ್ದರು. ಫೋಟೋದಲ್ಲಿ ನಗುತ್ತಿದ್ದವರನ್ನು ನೋಡಿ ಹಾಗೇ ನಕ್ಕವರಿಗೆ ಖುಷಿ ತುಸು ಹೆಚ್ಚಾಯಿತು. ತುಸು ಮಾತ್ರ. ಹಲ್ಲಲ್ಲಿ ಪೆನ್ನು ಕಚ್ಚಿ ಹಿಡಿದವರಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ.

ಮನಸಾರೆ ನಗುವಾಗ ತುಟಿಯ ಜೊತೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯಾಗುತ್ತದೆ. ಗೆಳೆಯರ ಜೊತೆ ಹರಟುವಾಗ ಅದು ತಾನಾಗೇ ಬರುತ್ತದೆ. ಆದರೆ ಕೆಲಸದ ಜಾಗದಲ್ಲಿ ಒಳಗಿನ ಬೇಸರ ಮುಚ್ಚಿಟ್ಟು ದಿನವಿಡೀ ನಗುವುದು ಬೇರೆ. ಅದು ದಣಿಸುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿಯೇ ಇದ್ದರೆ, ದಯವಿಟ್ಟು ನಗುವಿನ ಮುಖವಾಡ ಹಾಕಿಕೊಳ್ಳಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.